ತಿಕ್ಕಿದ ಕಣ್ಣು

ಕಣ್ಣು ತಿಕ್ಕಿಕೊಳ್ಳುವುದರಲ್ಲಿ ಒಂದು ಸುಖ ಇದೆ. ತುರಿಕೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಮೊದಲು ಮೂಗಿನ ಕಡೆಯ ಮೂಲೆಯಲ್ಲಿ ಸಣ್ಣಗೆ ಶುರುವಾಗುತ್ತದೆ. ಬೆರಳ ತುದಿ ಸಾಲುವುದಿಲ್ಲ. ತೋರುಬೆರಳು ಮಡಚಿ, ಗೆಣ್ಣನ್ನು ರೆಪ್ಪೆಯ ಮೇಲೆ ಒತ್ತಿ, ಗುಂಡಗೆ ತಿರುವಬೇಕು. ಒತ್ತಿದಷ್ಟೂ ಕತ್ತಲಲ್ಲಿ ಹಳದಿ, ನೀಲಿ ಕಿಡಿಗಳು ಏಳುತ್ತವೆ, ಎದೆಬಡಿತ ನಿಧಾನವಾಗುತ್ತದೆ, ಬಾಯಿಂದ ತಾನಾಗಿ ಒಂದು ‘ಹಾ’ ಹೊರಡುತ್ತದೆ. ಬಿಟ್ಟ ಮೇಲೆ ಕೆಂಪು, ನೀರು, ಮೊದಲಿನ ಎರಡರಷ್ಟು ತುರಿಕೆ. ಮತ್ತೆ ತಿಕ್ಕು. ಸಣ್ಣವನಿದ್ದಾಗಿನಿಂದ ನಾನು ಇದನ್ನು ಮಾಡಿದವನು. ಬೀಡಿ, ಗುಟ್ಕಾ, ಇಸ್ಪೀಟು ಯಾವುದರ ಸಹವಾಸಕ್ಕೂ ಹೋಗದ ಹುಡುಗ ಎಂದು ಓಣಿಯಲ್ಲಿ ಹೆಸರಿತ್ತು. ಎಡಗಣ್ಣಿಗೆ ರಿಂಗ್ ಹಾಕಿಸಿಕೊಂಡು, ಕೈಯಾರೆ ಅದನ್ನು ಕೆಡಿಸಿಕೊಂಡು, ಅದರ ಹಿಂದೆಯೇ ನೆಟ್ಟಗಿದ್ದ ಬಲಗಣ್ಣಿನ ಅರ್ಧ ನೋಟವನ್ನೂ ಕಳೆದುಕೊಂಡ ಮೇಲೆ ತಿಳಿಯಿತು, ನನಗೂ ಒಂದು ಚಟ ಇತ್ತು ಎಂದು.

ಆದೋನಿಯಲ್ಲಿ ಹುಟ್ಟಿ ಕಣ್ಣು ತುರಿಸದೆ ಬೆಳೆಯುವುದು ಸುಲಭವಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಕರ್ನೂಲಿಗೆ ಸೇರಿಸಿದ ಊರು ಇದು. ಬಳ್ಳಾರಿ ಮೈಸೂರಿಗೆ ಹೋಯಿತು, ಆದೋನಿ, ಆಲೂರು ಇತ್ತ ಉಳಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮಾರ್ಕೆಟ್ಟಿನಲ್ಲಿ ಅವೆರಡರ ಜತೆಗೆ ಉರ್ದು. ಭಾಷೆ ಮೂರಾದರೂ ಮಾತು ಮಾತ್ರ ಹತ್ತಿಯದೇ. ದಸರೆ ಮುಗಿಯುತ್ತಿದ್ದಂತೆ ಕೋಸಿಗಿ, ಕೌತಾಳಂ, ಹೊಳಗುಂದ, ಪೆದ್ದ ತುಂಬಳಂ ಕಡೆಯಿಂದ ಟ್ರ್ಯಾಕ್ಟರು, ಟೆಂಪೋಗಳ ಮೇಲೆ ಹತ್ತಿ ಬರತೊಡಗುತ್ತದೆ. ಯಾರ್ಡಿನಲ್ಲಿ ರಾಶಿ ಸುರಿಯುತ್ತಾರೆ. ಖರೀದಿದಾರರು ಕೈ ಹಾಕಿ ಎಳೆ ಜಗ್ಗಿ ನೋಡುತ್ತಾರೆ. ಟೆಂಡರ್ ಆಗುತ್ತದೆ, ಕಾಟಾ ಆಗುತ್ತದೆ, ಜಿನ್ನಿಂಗ್ ಮಿಲ್ಲಿಗೆ ಹೋಗುತ್ತದೆ. ಈ ಒಂದೊಂದು ಹೆಜ್ಜೆಗೂ ಗಾಳಿಗೆ ಒಂದಷ್ಟು ಅರಳೆ, ಒಂದಷ್ಟು ಒಣ ಎಲೆಯ ಪುಡಿ, ಒಂದಷ್ಟು ಕರಿಮಣ್ಣು. ಸೀಜನ್ನು ಮುಗಿಯಿತು ಅನ್ನುವಷ್ಟರಲ್ಲಿ ಬೇಸಿಗೆ. ಬಿಸಿಲು, ಒಣಹವೆ, ದೂಳು ಮೂರೂ ಸೇರಿದ ಕಡೆ ಗಂಡುಹುಡುಗರಿಗೇ ಹೆಚ್ಚಾಗಿ ಬರುವ ಒಂದು ಕಣ್ಣಿನ ಅಲರ್ಜಿ ಇದೆ. ನಮ್ಮ ಓಣಿಯಲ್ಲಿ ಅದು ಇಲ್ಲದ ಮನೆ ಹುಡುಕಬೇಕು. ಹರೆಯ ದಾಟಿದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ನನಗೂ ಬಹುಮಟ್ಟಿಗೆ ಇಳಿಯಿತು. ಕೈ ಮಾತ್ರ ರೂಢಿ ಬಿಡಲಿಲ್ಲ. ಲೆಕ್ಕ ತಪ್ಪಿದರೆ ತಿಕ್ಕುವುದು, ನಿದ್ದೆ ಬಂದರೆ ತಿಕ್ಕುವುದು, ಯಾರಾದರೂ ಬೈದರೆ ಒಳಗೆ ಹೋಗಿ ಮೊದಲು ತಿಕ್ಕುವುದು.

“ತಿಕ್ಕಬ್ಯಾಡಲೇ, ಕಣ್ಣು ಕಿತ್ತು ಕೈಗೆ ಬರ್ತಾವ ನೋಡು” ಎಂದು ಅವ್ವ ಬೈಯುತ್ತಿದ್ದಳು. ಬೈದು, ನಂದಿಬಟ್ಟಲ ಹೂವು ತಣ್ಣೀರಲ್ಲಿ ಅದ್ದಿ ರೆಪ್ಪೆಯ ಮೇಲೆ ಇಡುತ್ತಿದ್ದಳು. ಅದು ತಂಪೇ. ಅಪ್ಪನ ದಾರಿ ಬೇರೆ, ಮೆಡಿಕಲ್ ಶಾಪಿಗೆ ಹೋಗಿ “ಕಣ್ಣು ಕೆಂಪಾಗ್ಯಾವ” ಅಂದರೆ ಅವರು ಒಂದು ಸಣ್ಣ ಸೀಸೆ ಕೊಡುತ್ತಿದ್ದರು. ಹಾಕಿದ ಸಂಜೆಗೇ ಕಣ್ಣು ಬೆಳ್ಳಗೆ. ಅದು ಸ್ಟಿರಾಯ್ಡ್, ಚೀಟಿ ಇಲ್ಲದೆ ವರ್ಷಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿಸಬಲ್ಲದು, ಪೊರೆ ತರಿಸಬಲ್ಲದು ಎಂದು ಹೇಳುವವರು ಯಾರೂ ಇರಲಿಲ್ಲ. ಈ ಸೀಸೆ ಮುಂದೆ ಮತ್ತೊಮ್ಮೆ ಬರುತ್ತದೆ.

ಬಿ.ಕಾಂ. ಮುಗಿಸಿ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತನಾದೆ. ವರ್ಷವರ್ಷಕ್ಕೂ ಕನ್ನಡಕ ಬದಲಾಗುತ್ತಿತ್ತು. “ಸಿಲಿಂಡರ್ ಏರ್ಯಾದ” ಎನ್ನುತ್ತಿದ್ದ ಕನ್ನಡಕದಂಗಡಿಯವನು, ಏರುವುದು ಸಿಲಿಂಡರಿನ ಗುಣವೇ ಎಂಬ ಧಾಟಿಯಲ್ಲಿ. ಹೊಸ ಕನ್ನಡಕ ಹಾಕಿದರೂ ಅಕ್ಷರದ ಬೆನ್ನಿಗೆ ಅದರದೇ ನೆರಳು ಅಂಟಿಕೊಂಡಿರುತ್ತಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣೊಂದರಲ್ಲೇ ನೋಡಿದರೆ ಹುಣ್ಣಿಮೆಯ ಚಂದ್ರ ಮೂರು ನಾಲ್ಕು, ಒಂದರ ಕೆಳಗೊಂದು ಜಾರಿಕೊಂಡು. ಒಂದು ಸಂಜೆ ರೈತನಿಗೆ ಕೊಡುವ ಲೆಕ್ಕದ ಚೀಟಿ, ತಕ್ಪಟ್ಟಿ, ಬರೆಯುವಾಗ ಕಾಟಾ ಚೀಟಿಯಲ್ಲಿದ್ದ 38ನ್ನು 33 ಎಂದು ಓದಿದೆ. ಐದು ಕ್ವಿಂಟಲ್ ಹತ್ತಿಯ ದುಡ್ಡು ರೈತನಿಗೆ ಕಡಿಮೆ ಹೋಯಿತು. ಮಾರನೆಯ ದಿನ ಆತ ಬಂದು ಅಂಗಡಿ ಮುಂದೆ ಕೂತ. ಜಗಳ ಮಾಡಲಿಲ್ಲ, ಕೂತ ಅಷ್ಟೆ. ಸಾವ್ಕಾರರು ದುಡ್ಡು ಎಣಿಸಿ ಕೊಟ್ಟು ಕಳಿಸಿ, ನನ್ನ ಕಡೆ ತಿರುಗಿ, “ಮೊದಲು ಕಣ್ಣು ತೋರಿಸ್ಕೊ ಹೋಗಪ” ಅಂದರು. ಬೈದಿದ್ದರೆ ಹೋಗುತ್ತಿರಲಿಲ್ಲವೇನೊ.

ಬಳ್ಳಾರಿಯಲ್ಲಿ ತೋರಿಸಿದೆ. ಅಲ್ಲಿಯವರು ಹೈದರಾಬಾದಿಗೆ ಬರೆದುಕೊಟ್ಟರು. ಯಾವ ಆಸ್ಪತ್ರೆ ಎಂಬುದು ಬೇಡ. ಈ ಕಥೆಯಲ್ಲಿ ಕೆಟ್ಟದ್ದೆಲ್ಲ ನನ್ನ ಕಡೆಯಿಂದಲೇ ಆಗಿದೆ, ಅವರ ಹೆಸರು ಇದರೊಳಗೆ ಸಿಕ್ಕಿಕೊಳ್ಳುವುದು ನ್ಯಾಯವಲ್ಲ. ಗದ್ದ ಇಡಿಸಿ, ಒಂದು ಯಂತ್ರದಲ್ಲಿ ಕಣ್ಣಿನ ನಕ್ಷೆ ತೆಗೆದರು. ಪರದೆಯ ಮೇಲೆ ಎರಡು ಬಣ್ಣದ ವೃತ್ತ. ಹಸಿರು ಸಪಾಟು, ಕೆಂಪು ಕಡಿದು. ಎಡಗಣ್ಣಿನ ಕೆಳಭಾಗದಲ್ಲಿ ದೊಡ್ಡ ಕೆಂಪು ಮಚ್ಚೆ, ಬಲಗಣ್ಣಿನಲ್ಲಿ ಸಣ್ಣ ಕಿತ್ತಳೆ ಮಚ್ಚೆ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ಸಾಮಾನ್ಯವಾಗಿ ನಡುವೆ ಸುಮಾರು 540 ಮೈಕ್ರಾನ್ ದಪ್ಪ, ಅಂದರೆ ಅರ್ಧ ಮಿಲಿಮೀಟರಿಗೆ ಚೂರು ಹೆಚ್ಚು. ಕೆರಟೊಕೋನಸ್ ಆದವರಲ್ಲಿ ಅದು ಒಂದು ಕಡೆ ತೆಳ್ಳಗಾಗಿ, ಸವೆದ ಸೈಕಲ್ ಟೈರು ಉಬ್ಬುವಂತೆ, ಒಳಗಿನ ಒತ್ತಡಕ್ಕೆ ಮುಂದಕ್ಕೆ ಉಬ್ಬುತ್ತದೆ. ಗುಂಡಗಿರಬೇಕಾದದ್ದು ಮೊನೆಯಾಗುತ್ತದೆ. ಒಂದೂವರೆ ಶತಮಾನದಿಂದ ಗೊತ್ತಿರುವ ರೋಗ; 1854ರಲ್ಲೇ ಇಂಗ್ಲೆಂಡಿನ ಜಾನ್ ನಾಟಿಂಗ್‌ಹ್ಯಾಮ್ ಎಂಬ ವೈದ್ಯರು ಇದರ ಮೇಲೆ ಪುಸ್ತಕ ಬರೆದಿದ್ದರು. ಹದಿಹರೆಯದಲ್ಲಿ ಶುರುವಾಗಿ ಮೂವತ್ತೈದು ನಲವತ್ತರ ಹೊತ್ತಿಗೆ ಸಾಮಾನ್ಯವಾಗಿ ನಿಲ್ಲುತ್ತದೆ. ಅಷ್ಟರೊಳಗೆ ಎಷ್ಟು ಹೋಗುತ್ತದೋ ಹೋಗುತ್ತದೆ. ಮನೆತನದಲ್ಲಿ ಬರುವುದುಂಟು. ಅದಕ್ಕಿಂತ ಮುಖ್ಯವಾಗಿ ವೈದ್ಯರು ಕೇಳುವ ಪ್ರಶ್ನೆ ಒಂದಿದೆ.

“ಕಳ್ಳು ನಲುಪುಕುಂಟಾರಾ?” ಎಂದು ಕೇಳಿದರು ಡಾಕ್ಟರಮ್ಮ. ಕಣ್ಣು ತಿಕ್ಕಿಕೊಳ್ಳುತ್ತೀರಾ?

“ಲೇದಂಡಿ” ಅಂದೆ.

ಯಾಕೆ ಹಾಗಂದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಪಕ್ಕದಲ್ಲಿ ಸೋದರಮಾವ ನಿಂತಿದ್ದ. ಡಾಕ್ಟರಮ್ಮನ ಹಿಂದೆ ನಾಲ್ಕೈದು ಜನ ಕಲಿಯುವ ಹುಡುಗ ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಹೌದು ಅಂದರೆ, ರೋಗ ಮೇಲಿಂದ ಬಂದದ್ದಲ್ಲ, ಇವನೇ ತಂದುಕೊಂಡದ್ದು ಎಂದಾಗುತ್ತದೆ. ಅವ್ವ ಇಪ್ಪತ್ತು ವರ್ಷದಿಂದ ಹೇಳಿದ್ದೇ ಸರಿ ಎಂದಾಗುತ್ತದೆ. ಇಂಥವನಿಗೆ ಆಪರೇಷನ್ ಬೇಡ ಎಂದುಬಿಟ್ಟಾರು ಎಂಬ ಹೆದರಿಕೆಯೂ ಇತ್ತು. ಇವೆಲ್ಲ ಆ ಒಂದು ಕ್ಷಣದಲ್ಲಿ ಹೊಳೆದವೋ, ಆಮೇಲೆ ನಾನೇ ಜೋಡಿಸಿಕೊಂಡೆನೋ ಹೇಳಲಾರೆ. ಸುಳ್ಳು ಬಾಯಿಗೆ ಬಂದಾಗ ಮಾತ್ರ ಸಲೀಸಾಗಿ ಬಂತು. ಹೊರಗೆ ಕಾರಿಡಾರಿಗೆ ಬಂದು ಬೆಂಚಿನ ಮೇಲೆ ಕೂತು ಮಾಡಿದ ಮೊದಲ ಕೆಲಸ, ಎರಡೂ ಕಣ್ಣು ತಿಕ್ಕಿಕೊಂಡದ್ದು.

ಡಾಕ್ಟರಮ್ಮ ಎರಡು ಕೆಲಸ ಹೇಳಿದ್ದರು. ಎಡಗಣ್ಣಿಗೆ ರಿಂಗ್, ಜತೆಗೆ ಸಿ3ಆರ್. ಬಲಗಣ್ಣಿಗೆ ಬರೀ ಸಿ3ಆರ್, ಅದೂ ತಡಮಾಡದೆ. ರಿಂಗ್ ಅಂದರೆ ಪೂರ್ತಿ ಬಳೆಯಲ್ಲ, ಬಳೆಯ ಚೂರು. ಕಾರ್ನಿಯಾದ ಪದರದೊಳಗೆ ಲೇಸರಿನಿಂದ ಕಮಾನಿನಾಕಾರದ ಸುರಂಗ ಕೊರೆದು ಅದರೊಳಗೆ ತೂರಿಸುತ್ತಾರೆ. ಉಬ್ಬಿದ್ದು ಒಂದಷ್ಟು ಸಪಾಟಾಗುತ್ತದೆ, ನೋಟ ಒಂದಷ್ಟು ಸುಧಾರಿಸುತ್ತದೆ. ಮೊದಲು ಇದನ್ನು ಸಣ್ಣ ಪ್ರಮಾಣದ ಸಮೀಪದೃಷ್ಟಿಗೆಂದು ತಂದದ್ದು. ಅಮೆರಿಕದಲ್ಲಿ 1999ರಲ್ಲಿ ಅದಕ್ಕೇ ಒಪ್ಪಿಗೆ ಸಿಕ್ಕಿತ್ತು. ಫ್ರಾನ್ಸಿನ ಜೋಸೆಫ್ ಕೋಲಿನ್ ಅಂಥವರು ಕೆರಟೊಕೋನಸ್‌ಗೆ ಬಳಸಿ ತೋರಿಸಿದ ಮೇಲೆ 2004ರಲ್ಲಿ ಇದಕ್ಕೂ ಒಪ್ಪಿಗೆಯಾಯಿತು. ಆದರೆ ರಿಂಗ್ ಆಕಾರ ತಿದ್ದುತ್ತದೆಯೇ ಹೊರತು ರೋಗ ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಸಿ3ಆರ್. ಕಾರ್ನಿಯಾದ ಮೇಲಿನ ಚರ್ಮ ಕೆರೆದು, ಅರಿಸಿನ ಬಣ್ಣದ ರೈಬೊಫ್ಲಾವಿನ್ ಹನಿ ಹಾಕಿ ನೆನೆಸಿ, ಮೇಲಿಂದ ಅತಿನೇರಳೆ ಬೆಳಕು ಬಿಡುತ್ತಾರೆ. ಒಳಗಿನ ನಾರುಗಳು ಒಂದಕ್ಕೊಂದು ಬಿಗಿದುಕೊಂಡು ಗಟ್ಟಿಯಾಗುತ್ತವೆ. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ರೂಪಿಸಿದ ಆ ಮೂಲ ಪದ್ಧತಿಗೆ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ಇರಬೇಕು. ಇದನ್ನೂ ಅವರು ಹೇಳಿದ್ದರು. ಸಿ3ಆರ್ ಮಾಡಿಸಿದರೆ ನೋಟ ಹೆಚ್ಚುತ್ತದೆ ಅಂತಿಲ್ಲ, ಇದ್ದದ್ದು ಉಳಿಯುತ್ತದೆ. ನನಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಕಾಣುವ ಕಣ್ಣಿಗೆ ಯಾರಾದರೂ ದುಡ್ಡು ಹಾಕುತ್ತಾರೆಯೆ? ಎರಡು ಸೀಜನ್ನಿನ ಉಳಿತಾಯ ಎಡಗಣ್ಣಿಗೇ ಸರಿಹೋಗುತ್ತಿತ್ತು. ಬಲಗಣ್ಣಿಂದು ಬರುವ ಸೀಜನ್ನು ಮುಗಿಯಲಿ ಅಂದುಕೊಂಡೆ.

“ಕಣ್ಣಾಗ ಪ್ಲಾಸ್ಟಿಕ್ ಇಡ್ತಾರಂತ?” ಅವ್ವನಿಗೆ ನಂಬಿಕೆಯಾಗಲಿಲ್ಲ. ರಿಂಗಿನ ವಸ್ತು ಪಿಎಂಎಂಎ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು ಪೈಲಟ್‌ಗಳ ಕಣ್ಣೊಳಗೆ ಸೇರಿದ ಚೂರುಗಳನ್ನು ಕಣ್ಣು ಹೊರದಬ್ಬದೆ ಸಹಿಸಿಕೊಂಡದ್ದನ್ನು ಕಂಡು, ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಅದೇ ವಸ್ತುವಿನಿಂದ ಪೊರೆ ಆಪರೇಷನ್ನಿನ ಮೊದಲ ಮಸೂರ ಮಾಡಿ ಕೂಡಿಸಿದರು. ಇದನ್ನೆಲ್ಲ ನಾನು ಫೋನಿನಲ್ಲಿ ಓದಿ ಅವ್ವನಿಗೆ ಹೇಳಿದೆ. “ಯುದ್ಧದಾಗಿಂದು ನಮಗ್ಯಾಕಪ” ಎಂದಳು. ಉರುಕುಂದಿ ಈರಣ್ಣನಿಗೆ ಬೆಳ್ಳಿ ಕಣ್ಣು ಹರಕೆ ಹೊತ್ತಳು.

2019ರ ಮುಂಗಾರಿನಲ್ಲಿ, ಮಾರ್ಕೆಟ್ಟು ಮಲಗಿರುವ ಕಾಲ ನೋಡಿ, ಆಪರೇಷನ್ ಆಯಿತು. ಮರಗಟ್ಟಿಸುವ ಹನಿ ಹಾಕಿದ್ದರಿಂದ ನೋವಿರಲಿಲ್ಲ. ಮುಖದ ಮೇಲೆ ಬಟ್ಟೆ, ಕಣ್ಣಿನ ಮೇಲೆ ಒತ್ತಡ, ಒಂದೆರಡು ನಿಮಿಷ ಬೆಳಕೇ ಇಲ್ಲ. ಸಂಜೆಯಿಂದ ಮಾತ್ರ ಕೆರೆದ ಕಣ್ಣು ತನ್ನ ಬೆಲೆ ಕೇಳಿತು: ಮರಳು ತುಂಬಿದ ಉರಿ, ನೀರೋ ನೀರು, ಕಿಟಕಿಯ ಸಂದಿನ ಬೆಳಕೂ ಸಹಿಸದು. ಎರಡು ಮೂರು ದಿನಕ್ಕೆ ಅದೂ ಇಳಿಯಿತು. ಬ್ಯಾಂಡೇಜ್ ಲೆನ್ಸ್ ತೆಗೆದರು. ಊರಿಗೆ ಬಂದೆವು.

ಮನೆಯಲ್ಲಿ ಗೋಡೆಗೆ ಡ್ರಾಪ್ಸಿನ ಚೀಟಿ ಅಂಟಿಸಿದ್ದಳು ತಂಗಿ, ತನ್ನ ಸ್ಕೂಲಿನ ಟೈಂಟೇಬಲ್ ಮಾಡುವ ಶಿಸ್ತಿನಿಂದ. ಒಂದು ಸೀಸೆ ಆಂಟಿಬಯಾಟಿಕ್, ತಿಳಿ ನೀರು. ಇನ್ನೊಂದು ಹಾಲಿನ ಬಣ್ಣದ್ದು, ಸ್ಟಿರಾಯ್ಡ್. ಚೆನ್ನಾಗಿ ಕುಲುಕದಿದ್ದರೆ ಔಷಧವೆಲ್ಲ ತಳದಲ್ಲೇ ಕೂತಿರುತ್ತದೆ. ಮೂರನೆಯದು ಕಣ್ಣು ಒಣಗದಿರಲು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಂತರ ಬೇಕು, ಇಲ್ಲದಿದ್ದರೆ ಹಿಂದಿನದನ್ನು ಮುಂದಿನದು ತೊಳೆದುಬಿಡುತ್ತದೆ. ತಲೆಸ್ನಾನ ಇಲ್ಲ. ಒಗ್ಗರಣೆ ಹೊಗೆಯ ಹತ್ತಿರ ಹೋಗುವಂತಿಲ್ಲ. ರಾತ್ರಿ ಮಲಗುವಾಗ ಕಣ್ಣಿಗೆ ತೂತು ತೂತಿನ ಪ್ಲಾಸ್ಟಿಕ್ ಕವಚ ಇಟ್ಟು ಅಂಟುಪಟ್ಟಿ ಹಾಕಬೇಕು, ಬೋರಲು ಮಲಗಬಾರದು.

ಬೆಳಗ್ಗೆ ಏಳುವಾಗ ಕವಚ ದಿಂಬಿನ ಕೆಳಗೋ ಗೋಡೆಯ ಮೂಲೆಯಲ್ಲೋ ಇರುತ್ತಿತ್ತು. ಅಂಟುಪಟ್ಟಿಯ ಗುರುತು ಮಾತ್ರ ಕೆನ್ನೆಯ ಮೇಲೆ. ಅವ್ವ ಕೆಲವು ರಾತ್ರಿ ಪಕ್ಕದಲ್ಲಿ ಮಲಗಿ ನನ್ನ ಎಡಗೈ ಮಣಿಕಟ್ಟು ಹಿಡಿದುಕೊಂಡೇ ನಿದ್ದೆಹೋದಳು. ಆಗ ಬಲಗೈ ಹೋಗುತ್ತಿತ್ತಂತೆ. ಒಮ್ಮೆ ಎರಡೂ ಕೈಗೆ ಹಳೆ ಸಾಕ್ಸು ಹಾಕಿ ಕಟ್ಟಿದಳು. ಆ ರಾತ್ರಿ ದಿಂಬಿಗೇ ಕಣ್ಣು ಒತ್ತಿ ತಿಕ್ಕಿದೆನಂತೆ. “ನಿದ್ದಿಯಾಗ ಮಾಡಿದ್ದಕ್ಕ ನಾನೇನ್ ಮಾಡ್ಲೆವ್ವ” ಎಂದು ರೇಗಿದೆ. ಅದು ನಿಜವೇ. ಆದರೆ ಬಚ್ಚಲಿನ ಬಾಗಿಲು ಹಾಕಿಕೊಂಡು, ನೆಟ್ಟಗೆ ಎಚ್ಚರವಿದ್ದು, ರಿಂಗ್ ಇರುವ ಭಾಗ ಬಿಟ್ಟು ಮೂಲೆಯಲ್ಲಿ ಮಾತ್ರ ಅಂತ ಲೆಕ್ಕ ಹಾಕಿ ತಿಕ್ಕುತ್ತಿದ್ದೆನಲ್ಲ, ಅದನ್ನು ಅವಳಿಗೆ ಹೇಳಿರಲಿಲ್ಲ. ಒಂದೇ ಸಲ, ಮೆಲ್ಲಗೆ, ಬೆರಳ ತುದಿಯಲ್ಲಿ. ಆಮೇಲೆ ಗೆಣ್ಣು.

ಇಷ್ಟಾದರೂ ನೋಟ ಬಂತು. ಅದೇ ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ. ಮೊದಲ ವಾರಗಳಲ್ಲಿ ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ. ಕಣ್ಣು ಸ್ಥಿರವಾಗಲು ತಿಂಗಳುಗಳೇ ಬೇಕು ಎಂದಿದ್ದರು. ಕನ್ನಡಿಯ ಮುಂದೆ ಓರೆಯಾಗಿ ಟಾರ್ಚು ಹಿಡಿದರೆ ಕರಿಗುಡ್ಡೆಯ ಅಂಚಿನ ಹತ್ತಿರ ಗಾಜಿನಂಥ ಕಮಾನು ಮಿಂಚುವುದು ಕಾಣುತ್ತಿತ್ತು. ಅದನ್ನು ನೋಡುವುದೇ ಒಂದು ಹುಚ್ಚಾಯಿತು. ಒಂದು ಬೆಳಗ್ಗೆ ಮಾಳಿಗೆಯ ಮೇಲೆ ನಿಂತು ಬಲಗಣ್ಣು ಮುಚ್ಚಿದೆ. ರಣಮಂಡಲ ಬೆಟ್ಟದ ಮೇಲಿನ ಆಂಜನೇಯನ ಗುಡಿ, ವರ್ಷಗಳಿಂದ ಬಿಳಿ ಕಲೆಯಾಗಿದ್ದದ್ದು, ಗೋಡೆ ಬೇರೆ ಗೋಪುರ ಬೇರೆಯಾಗಿ ಕಂಡಿತು. ಕೆಳಗಿಳಿದು ಎಲ್ಲರಿಗೂ “ಕಣ್ಣು ಬಂತು” ಅಂದೆ. ಆಸ್ಪತ್ರೆಯ ಅಕ್ಷರಪಟ್ಟಿಯಲ್ಲಿ ಹೆಚ್ಚಿದ್ದು ಒಂದೆರಡು ಸಾಲು ಮಾತ್ರ, ಕನ್ನಡಕ ಬೇಕೇಬೇಕಿತ್ತು, ರಾತ್ರಿ ಎದುರು ಬರುವ ಬೈಕಿನ ದೀಪಕ್ಕೆ ದೊಡ್ಡ ಪ್ರಭಾವಳಿ. ಅವನ್ನು ಯಾರಿಗೂ ಹೇಳಲಿಲ್ಲ. ಮಾವ ಹೆಣ್ಣು ನೋಡಲು ಶುರುಮಾಡಿದ್ದ.

ದಸರೆಯಾಯಿತು, ಸೀಜನ್ನು ಬಂತು. ಸಾವ್ಕಾರರು “ಒಳಗ ಕುಂತು ಬರಿ, ಯಾರ್ಡಿಗೆ ಬರಬ್ಯಾಡ” ಅಂದರು. ಒಂದು ವಾರ ಕೂತೆ. ಆಮೇಲೆ ಕಾಟಾದ ಹತ್ತಿರ ನಾನಿಲ್ಲದಿದ್ದರೆ ನಡೆಯುವುದಿಲ್ಲ ಅನ್ನುವ ಭ್ರಮೆ ನನ್ನನ್ನು ಎಬ್ಬಿಸಿತು. ರಕ್ಷಣೆಯ ಕನ್ನಡಕ ಕೊಟ್ಟಿದ್ದರು, ಹಮಾಲರು ನಕ್ಕರೆಂದು ಜೇಬಿಗೆ ಸೇರಿತು. ಫಾಲೋಅಪ್ಪಿಗೆ ಕರೆದಿದ್ದರು; ಹೈದರಾಬಾದಿಗೆ ಹೋಗಿಬರುವುದೆಂದರೆ ಎರಡು ದಿನದ ಪೇಟೆ ಹಾಳು. ಬಲಗಣ್ಣಿನ ಸಿ3ಆರ್‌ಗೆ ಫೋನು ಬಂತು. “ಸಂಕ್ರಾಂತಿ ಮುಗೀಲಿ ಮೇಡಂ” ಅಂದೆ.

ಸಂಕ್ರಾಂತಿಯ ಸುಮಾರಿಗೇ ಎಡಗಣ್ಣಲ್ಲಿ ಏನೋ ಚುಚ್ಚತೊಡಗಿತು. ಅರಳೆಯ ಎಳೆ ಸಿಕ್ಕಿದೆ ಅಂದುಕೊಂಡೆ. ಯಾರ್ಡಿನಲ್ಲಿ ಇರುವವನು ಬೇರೇನು ಅಂದುಕೊಂಡಾನು? ಎಳೆ ತೆಗೆಯಲು ತಿಕ್ಕಿದೆ. ಕೆಂಪಾಯಿತು. ಅಲ್ಲಿ ಆ ಸೀಸೆ ಮತ್ತೆ ಬಂತು: ಆಪರೇಷನ್ನಿನದು ಉಳಿದಿತ್ತೋ, ಮೆಡಿಕಲ್ ಶಾಪಿನಿಂದ ತಂದೆನೋ, ಎರಡೂ ಆಗಿರಬೇಕು. ಹಾಕಿದರೆ ಕೆಂಪು ಹೋಗುತ್ತಿತ್ತು, ಚುಚ್ಚುವುದು ಹೋಗುತ್ತಿರಲಿಲ್ಲ. ಒಳಗೆ ನಡೆಯುತ್ತಿದ್ದದ್ದು ಇಷ್ಟು. ದಿನಾ ಒತ್ತಿ ಒತ್ತಿ ರಿಂಗಿನ ಒಂದು ಚೂರು ಸುರಂಗದಲ್ಲಿ ಜರುಗಿತ್ತು. ಅದರ ತುದಿ ಮೊದಲು ತೂರಿಸಿದ ಬಾಯಿಯ ಕಡೆ ಬಂದು, ಮೇಲಿನ ಪದರವನ್ನು ಸವೆಸುತ್ತಿತ್ತು. ಸ್ಟಿರಾಯ್ಡು ಕೆಂಪನ್ನು ಮುಚ್ಚಿಟ್ಟಿತು, ಗಾಯ ಮಾಯುವುದನ್ನೂ ತಡೆಯಿತು.

ಮಾರ್ಚಿನಲ್ಲಿ ಲಾಕ್‌ಡೌನ್. ಏಪ್ರಿಲ್ ಕಳೆಯುವಷ್ಟರಲ್ಲಿ ಕರ್ನೂಲು ಜಿಲ್ಲೆಯಲ್ಲಿ ಕೊರೊನಾ ಕೇಸುಗಳು ಆಂಧ್ರದಲ್ಲೇ ಹೆಚ್ಚು. ಬಸ್ಸಿಲ್ಲ, ರೈಲಿಲ್ಲ. ಈ ಕಥೆಯನ್ನು ಹೇಳುವಾಗಲೆಲ್ಲ ಇಲ್ಲಿಗೆ ಬಂದರೆ ಕೇಳುವವರು “ಅಯ್ಯೋ, ಲಾಕ್‌ಡೌನ್‌ದಾಗ ಸಿಕ್ಕೊಂಡ್ಯಾ ಪಾಪ” ಅನ್ನುತ್ತಾರೆ. ನಾನೂ ಕೆಲವು ಕಾಲ ಹಾಗೇ ಹೇಳಿಕೊಂಡು ತಿರುಗಿದೆ, ಹೆಣ್ಣಿನ ಕಡೆಯವರಿಗೆ ಖಂಡಿತ ಹಾಗೇ ಹೇಳಿದೆ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಬಸ್ಸುಗಳು ಓಡುತ್ತಲೇ ಇದ್ದವು.

ಒಂದು ಬೆಳಗ್ಗೆ ಕಣ್ಣು ತೆರೆಯಲಾಗಲಿಲ್ಲ. ಆದೋನಿಯ ಡಾಕ್ಟರೊಬ್ಬರು ಮುಖಕ್ಕೆ ಶೀಲ್ಡು ಹಾಕಿಕೊಂಡೇ ದೀಪ ಬಿಟ್ಟು ನೋಡಿದರು. “ರಿಂಗಿನ ತುದಿ ಹೊರಗ ಬಂದದಪ. ಸುತ್ತ ಬೆಳ್ಳಗ ಆಗೇದ. ಇವತ್ತೇ ಹೊರಡು.” ಮೆಡಿಕಲ್ ಪಾಸು, ಸಾವ್ಕಾರರ ಕಾರು, ತುಂಗಭದ್ರೆ ದಾಟಿದ ಮೇಲೆ ಚೆಕ್‌ಪೋಸ್ಟಿನಲ್ಲಿ ಬಿಸಿಲಲ್ಲಿ ಕಾದದ್ದು. ಪೊಲೀಸಿನವ ಕಾಗದ ಓದದೆ ನನ್ನ ಕಣ್ಣು ನೋಡಿಯೇ ಬಿಟ್ಟ.

ರಿಂಗು ತೆಗೆದರು. ತೆಗೆಯುವುದು ಹಾಕಿದಷ್ಟು ಕಷ್ಟವಲ್ಲವಂತೆ. ಇಕ್ಕುಳದಲ್ಲಿ ಹಿಡಿದು ಜಾರಿಸಿದರು. ಸೋಂಕು ಆಳಕ್ಕೆ ಇಳಿದಿರಲಿಲ್ಲ. ಔಷಧದಿಂದ ವಾಸಿಯಾಯಿತು, ಒಂದು ಮಸುಕು ಕಲೆ ಬಿಟ್ಟು. ಕಾರ್ನಿಯಾ ಹೆಚ್ಚುಕಡಿಮೆ ತನ್ನ ಹಳೆ ಆಕಾರಕ್ಕೆ ಮರಳಿತು. ಡಾಕ್ಟರಮ್ಮ ಅದೇ ಪ್ರಶ್ನೆ ಮತ್ತೆ ಕೇಳಿದರು. ಈ ಸಲ ಮಾಸ್ಕಿನ ಹಿಂದಿನಿಂದ. ಮಾವ ಹೊರಗಿದ್ದ. ಹೌದು ಅಂದೆ. ಯಾವಾಗಿನಿಂದ? ಸಣ್ಣವನಿದ್ದಾಗಿನಿಂದ. ಯಾವ ಬೆರಳಿನಲ್ಲಿ? ಮಡಚಿ ತೋರಿಸಿದೆ.

ಅವರು ಬೈಯಲಿಲ್ಲ. ಫೈಲಿನಲ್ಲಿ ಬರೆದುಕೊಂಡು, ತೆಲುಗಿನಲ್ಲಿ ಹೇಳಿದ್ದು ಇಷ್ಟು: ಅವತ್ತೇ ಹೇಳಿದ್ದಿದ್ದರೆ ಆಪರೇಷನ್ ಮಾಡುವುದಿಲ್ಲ ಅನ್ನುತ್ತಿರಲಿಲ್ಲ, ಮೊದಲು ತುರಿಕೆಗೆ ಔಷಧ ಕೊಟ್ಟು, ಕೈ ನಿಂತ ಮೇಲೆ ಹಾಕುತ್ತಿದ್ದೆವು, ಆರು ತಿಂಗಳು ತಡವಾಗುತ್ತಿತ್ತು ಅಷ್ಟೆ. ಆಮೇಲೆ ಬಲಗಣ್ಣಿನ ನಕ್ಷೆ ತೆಗೆಸಿದರು. ಕಿತ್ತಳೆ ಮಚ್ಚೆ ಕೆಂಪಾಗಿತ್ತು. ತೀರ ತೆಳುವಾದ ಜಾಗದಲ್ಲಿ ಕಾರ್ನಿಯಾ 400ರ ಕೆಳಗೆ ಇಳಿದಿತ್ತು. ಕಳೆದ ಮುಂಗಾರಿನಲ್ಲಿ ಮಾಡಿಸಬಹುದಾಗಿದ್ದ ಸರಳ ಸಿ3ಆರ್ ಈಗ ಆ ಕಣ್ಣಿಗೆ ಸಾಧ್ಯವಿರಲಿಲ್ಲ. ರಿಂಗ್ ಕೆಟ್ಟದ್ದಕ್ಕಿಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೆ. ಎಡಗಣ್ಣು ಹೇಗೂ ಕೆಟ್ಟಿತ್ತು. ಬಲಗಣ್ಣು ನನ್ನ ಅನ್ನ. ಅದಕ್ಕೆ ಏನೂ ಆಗಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಕಾಯಿಸಿದ್ದೆ.

ತೆಳು ಕಾರ್ನಿಯಾಕ್ಕೂ ಒಂದು ದಾರಿ ಇತ್ತು. ಚೆನ್ನೈನ ಡಾ. ಸೂಸನ್ ಜೇಕಬ್ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ ವಿಧಾನ: ರೈಬೊಫ್ಲಾವಿನ್‌ನಲ್ಲಿ ನೆನೆಸಿದ ಕಾಂಟ್ಯಾಕ್ಟ್ ಲೆನ್ಸನ್ನು ಕಣ್ಣಿನ ಮೇಲಿಟ್ಟು, ಕೊರತೆಯಾದ ದಪ್ಪವನ್ನು ಅದರಿಂದ ತುಂಬಿಸಿ ಬೆಳಕು ಬಿಡುವುದು. ಅಲರ್ಜಿಗೆ ಹಲವು ತಿಂಗಳು ಔಷಧ ಹಾಕಿಸಿ, ತುರಿಕೆ ಹತೋಟಿಗೆ ಬಂದ ಮೇಲೆ ನನಗೆ ಅದನ್ನು ಮಾಡಿದರು. ರೋಗ ಅಲ್ಲಿಗೆ ನಿಂತಿದೆ. ಹೋದದ್ದು ಹೋಯಿತು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೋದ ಸುದ್ದಿ ಯಾರ್ಡಿಗೆ ಬಂದಾಗ ಕಾಟಾ ನಡೆಯುತ್ತಿತ್ತು. ಹೊಳಗುಂದದ ಹಮಾಲರಿಬ್ಬರು ಚೀಲ ಇಳಿಸಿ ಹಾಗೇ ಕೂತುಬಿಟ್ಟರು. ಕೆಲವೇ ದಿನಕ್ಕೆ ಟಿವಿಯಲ್ಲಿ ನಾರಾಯಣ ನೇತ್ರಾಲಯದ ಡಾ. ಭುಜಂಗ ಶೆಟ್ಟಿ ಮಾತಾಡಿದರು. ದಾನವಾದ ಎರಡು ಕಣ್ಣಿಂದ ಸಾಮಾನ್ಯವಾಗಿ ಇಬ್ಬರಿಗೆ ನೋಟ. ಪುನೀತ್ ದಾನ ಮಾಡಿದ ಒಂದೊಂದು ಕಾರ್ನಿಯಾವನ್ನೂ ಪದರ ಬಿಡಿಸಿ, ಮೇಲ್ಪದರ ಕೆಟ್ಟವರಿಗೆ ಮೇಲ್ಪದರ, ಒಳಪದರ ಕೆಟ್ಟವರಿಗೆ ಒಳಪದರ ಹಾಕಿ ನಾಲ್ವರಿಗೆ ಕೊಟ್ಟಿದ್ದರು. 2006ರಲ್ಲಿ ಅಪ್ಪ ರಾಜ್‌ಕುಮಾರ್, 2017ರಲ್ಲಿ ತಾಯಿ ಪಾರ್ವತಮ್ಮ ಕಣ್ಣು ಕೊಟ್ಟಿದ್ದರು, ಈಗ ಮಗ. ಅಂಗಡಿಯಲ್ಲಿ ಎಲ್ಲರೂ ಅಳುತ್ತಿದ್ದರು. ನಾನು ಟಿವಿಯಲ್ಲಿ ತೋರಿಸುತ್ತಿದ್ದ ಪದರದ ಚಿತ್ರವನ್ನೇ ನೋಡುತ್ತಿದ್ದೆ. ನನ್ನಂಥವರ ಕಣ್ಣು ತೀರ ಕೆಟ್ಟರೆ ಹಾಕುವುದು ಸಾಮಾನ್ಯವಾಗಿ ಆ ಮೇಲಿನ ಪದರಗಳನ್ನೇ. ಅದಕ್ಕಾಗಿ ಸರದಿಯಲ್ಲಿ ಕಾಯುವವರು ಇದ್ದಾರೆ. ಅವರಲ್ಲಿ ಎಷ್ಟು ಜನ ಕೈಯಾರೆ ಕೆಡಿಸಿಕೊಂಡವರು ಎಂದು ಯೋಚನೆ ಬಂತು. ಅಲ್ಲಿಂದ ಎದ್ದು ಹೋದೆ.

ಅದೇ ಸೂಸನ್ ಜೇಕಬ್ ಪ್ಲಾಸ್ಟಿಕ್ಕಿನ ಬದಲು ದಾನಿಯ ಕಾರ್ನಿಯಾದಿಂದಲೇ ಕತ್ತರಿಸಿದ ಚೂರುಗಳನ್ನು ರಿಂಗಿನ ಜಾಗದಲ್ಲಿ ಕೂಡಿಸುವ ವಿಧಾನವನ್ನು 2018ರಲ್ಲಿ ಪ್ರಕಟಿಸಿದ್ದಾರೆ. ನನಗೆ ಅದನ್ನು ಹಾಕಬಹುದಾ ಎಂದು ಡಾಕ್ಟರಮ್ಮನನ್ನು ಕೇಳಿದೆ. “ಮುಂದು ಚೆಯ್ಯಿ ಆಗನಿವ್ವಂಡಿ” ಅಂದರು, ಮೊದಲು ಕೈ ನಿಲ್ಲಲಿ. ಸದ್ಯಕ್ಕೆ ಎರಡೂ ಕಣ್ಣಿಗೆ ಸ್ಕ್ಲೀರಲ್ ಲೆನ್ಸ್. ದೊಡ್ಡದು, ಗಡುಸು, ಕಾರ್ನಿಯಾವನ್ನು ಮುಟ್ಟದೆ ಬಿಳಿಗುಡ್ಡೆಯ ಮೇಲೆ ಕೂರುತ್ತದೆ. ಒಳಗೆ ಸಲೈನ್ ತುಂಬಿ, ತಲೆ ಬಗ್ಗಿಸಿ, ಗುಳ್ಳೆ ಬರದಂತೆ ಹಾಕಿಕೊಳ್ಳಬೇಕು. ಗುಳ್ಳೆ ಬಂತೆಂದರೆ ತೆಗೆದು ಮತ್ತೆ ತುಂಬು. ಹಾಕಿಕೊಂಡಾಗ 38 ಮತ್ತು 33 ಬೇರೆ ಬೇರೆ. ಸಂಜೆ ತೆಗೆದ ಮೇಲೆ ಊರೆಲ್ಲ ಹಳೆಯ ಮಸುಕು, ಮತ್ತು ತೆಗೆದ ಆ ಮರುಗಳಿಗೆ, ಬರಿಗಣ್ಣಿಗೆ, ತಿಕ್ಕಬೇಕೆನಿಸುವ ಹಾಳು ಆಸೆ. ಆ ಹೊತ್ತಿಗೆಂದೇ ಫ್ರಿಜ್ಜಿನಲ್ಲಿ ಒದ್ದೆ ಬಟ್ಟೆ ಇಟ್ಟಿರುತ್ತೇನೆ. ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡು, ಎರಡೂ ಕೈ ತೊಡೆಯ ಕೆಳಗೆ ಹಾಕಿ ಕೂರುತ್ತೇನೆ. ಕೆಲವು ದಿನ ಸಾಕಾಗುತ್ತದೆ.

ಅಕ್ಕನ ಮಗ ಸಿರುಗುಪ್ಪದಲ್ಲಿ ಓದುತ್ತಾನೆ, ರಜೆಗೆ ನಮ್ಮಲ್ಲಿಗೆ ಬರುತ್ತಾನೆ. ಹೋದ ಬೇಸಿಗೆಯಲ್ಲಿ ಬಂದಾಗ ಜಗಲಿಯ ಮೇಲೆ ಕೂತು ಗೆಣ್ಣು ಮಡಚಿ ತಿಕ್ಕುತ್ತಿದ್ದ. ಬಾಯಲ್ಲಿ ಅದೇ ‘ಹಾ’. ಮರುದಿನವೇ ಬಳ್ಳಾರಿಗೆ ಕರೆದುಕೊಂಡು ಹೋಗಿ ನಕ್ಷೆ ತೆಗೆಸಿದೆ. ಭಾವನವರಿಗೆ ಸಿಟ್ಟು: “ಹುಡುಗರು ಕಣ್ಣು ತಿಕ್ಕೊಳ್ದೆ ಇರ್ತಾರೇನ್ರೀ? ಅಷ್ಟಕ್ಕ ಸ್ಕ್ಯಾನಿಂಗ್ ಯಾಕ?” ನಕ್ಷೆ ಪೂರ್ತಿ ಹಸಿರು ಬಂತು. ಭಾವನವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ದುಡ್ಡು ದಂಡ ಎಂಬಂತೆ ನನ್ನನ್ನು ನೋಡಿದರು. ಡಾಕ್ಟರು ಅಲರ್ಜಿಗೆ ಡ್ರಾಪ್ಸು ಬರೆದುಕೊಟ್ಟರು, ವರ್ಷಕ್ಕೊಮ್ಮೆ ತೋರಿಸಿ ಎಂದರು. ಹುಡುಗನೊಂದಿಗೆ ನಾನೊಂದು ಕರಾರು ಮಾಡಿಕೊಂಡೆ, ತಿಕ್ಕಿದ್ದು ಕಂಡರೆ ಹತ್ತು ರೂಪಾಯಿ ದಂಡ. ಅವನು ಒಪ್ಪಿದ. ಆದರೆ ಕರಾರು ಇಬ್ಬರಿಗೂ ಅನ್ವಯಿಸಬೇಕು ಅಂದ, ಅವರಪ್ಪನ ಮಗ. ಆ ರಜೆ ಮುಗಿದು ಊರಿಗೆ ಹೊರಡುವಾಗ ಲೆಕ್ಕ ಮಾಡಿದೆವು. ಅವನಿಗೆ ನಾನೇ ಎಂಬತ್ತು ರೂಪಾಯಿ ಕೊಡಬೇಕಿತ್ತು. ಚಿಲ್ಲರೆ ಇಲ್ಲ ಎಂದು ನೂರರ ನೋಟು ಕೊಟ್ಟೆ. ಇಪ್ಪತ್ತು ಮುಂಗಡ ಇರಲಿ ಮಾವ ಎಂದು ಜೇಬಿಗೆ ಹಾಕಿಕೊಂಡ.